ಸವರಿದ ರಾಗಿ

27 ಆಗಸ್ಟ್, ಮಂಗಳವಾರ. ಸಂಜೆ

ಹಾಲಿನವನು ಇವತ್ತೂ ತಡ. ನಾಳೆಯೂ ಹೀಗೇ ಆದರೆ ಬೇರೆ ಹಾಲು ಎಂದು ಹೇಳಿದ್ದಾಯಿತು. ಕುಂಡಗಳಿಗೆ ನೀರು. ಇವರ ಬಿ.ಪಿ. ಮಾತ್ರೆ ಮುಗಿದಿದೆ. ತನ್ನಿ ಎಂದರೆ ‘ನಾಳೆ’ ಎನ್ನುತ್ತಾರೆ. ಮದುವೆಯಾದಾಗಿನಿಂದ ಇವರ ನಾಳೆ ಹಾಗೇ ಇದೆ.

ನಯನಾ ಶಾಲೆಯಿಂದ ಬಂದವಳು ಕಾಫಿ ಲೋಟ ಹಿಡಿದು ಸುಮ್ಮನೆ ಕೂತಿದ್ದಳು. ಕಾಫಿ ಆರಿತು. ಸೊಸೆಯಂದಿರ ಮುಖ ನೋಡಿ ಮಾತು ಹೊರಡಿಸುವುದು ನನಗೆ ಬರುವುದಿಲ್ಲ. ನೇರ ಕೇಳಿದೆ.

ಸೆಪ್ಟೆಂಬರ್ ಹನ್ನೊಂದಕ್ಕೆ ಡೆಮೊ ಕ್ಲಾಸ್ ಅಂತೆ. ಹೆಡ್‌ಮಿಸ್ ಪ್ರೇಮಲೀಲಾ, ಆಡಳಿತ ಮಂಡಳಿಯ ಒಬ್ಬರು — ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಒಪ್ಪಿದರೆ ಕೆಲಸ ಕಾಯಂ. ಇಲ್ಲವಾದರೆ ಮಾರ್ಚಿಗೆ ಮನೆಗೆ. ಸಿಂಚನ ಹುಟ್ಟಿದ ಮೇಲೆ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದವಳು. ಎಷ್ಟು ಕಡೆ ಅರ್ಜಿ ಹಾಕಿ ಅಲೆದು ಸಿಕ್ಕ ಕೆಲಸ. ಏಳನೇ ಕ್ಲಾಸಿಗೆ ಗಣಿತ. ಪಾಠ, ಪೈಥಾಗೊರಸ್ ಪ್ರಮೇಯ.

“ಅದೇನು ಮಹಾ?” ಎಂದೆ. ನಿಂತಲ್ಲೇ ಹೇಳಿದೆ — ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ. ಒಂದಕ್ಷರ ಆಚೀಚೆ ಆಗಲಿಲ್ಲ. ಐವತ್ತು ವರ್ಷದ ಮೇಲಾಯಿತು ಕಲಿತು.

ಇವರು ಪೇಪರಿನ ಹಿಂದಿನಿಂದ, “ನೋಡ್ದಾ ನಯನಮ್ಮ, ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು. ಹುಷಾರು ಕಣಮ್ಮ” ಎಂದರು. ಇವರದು ಎರಡನೇ ಸಲಕ್ಕೆ ಪಾಸು.

29 ಆಗಸ್ಟ್, ಗುರುವಾರ

ಸಂಜೆ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಪಾಠ. “ಅತ್ತೆ, ನೀವು ಸ್ವಲ್ಪ ಸ್ಟೂಡೆಂಟ್ ಥರ ಕೂತ್ಕೋತೀರಾ?” ಎಂದು ಕೇಳಿದಳು. ಕೂತೆ. ಪಕ್ಕದಲ್ಲಿ ಸಿಂಚನ. ನಾಲ್ಕನೇ ಕ್ಲಾಸಿನವಳಿಗೆ ಇದೆಲ್ಲ ತಿಳಿಯುವುದಿಲ್ಲ, ಆದರೂ ಕೂರಲೇಬೇಕು.

“ಈ ಸ್ಟೂಡೆಂಟು ಟೀಚರನ್ನೇ ಬೆಂಚಿನ ಮೇಲೆ ನಿಲ್ಲಿಸ್ಬುಡ್ತಾಳೆ,” ಎಂದು ಇವರು ಬಾಗಿಲಲ್ಲಿ ನಿಂತು ನಕ್ಕರು.

ನಯನಾಳಿಗೆ ವಿಷಯ ಗೊತ್ತಿದೆ. ಧ್ವನಿ ಇಲ್ಲ. “ಗಟ್ಟಿಯಾಗಿ ಹೇಳು. ಗೋಡೆಗೆ ಪಾಠ ಮಾಡಬೇಡ,” ಎಂದೆ. ತ್ರಿಭುಜ ಬರೆದಳು. ಮೂರರ ವರ್ಗ ಒಂಬತ್ತು, ನಾಲ್ಕರದ್ದು ಹದಿನಾರು, ಕೂಡಿದರೆ ಇಪ್ಪತ್ತೈದು, ಅದು ಐದರ ವರ್ಗ. ಮುಗಿಯಿತು. ನನಗೂ ಹೀಗೇ ಗೊತ್ತಿದ್ದದ್ದು.

ಆಗ ಸಿಂಚನ, “ಅಜ್ಜಿ, ವಿಕರ್ಣದ ಮೇಲಿನ ವರ್ಗ ಅಂದ್ರಲ್ಲ, ಎಲ್ಲಿದೆ ಅದು? ಇಲ್ಲಿ ಬರೀ ಗೆರೆ ಇದೆ.”

“ಹೋಗಿ ಹೋಮ್‌ವರ್ಕ್ ಮಾಡು,” ಎಂದೆ.

ನಯನಾ ನಕ್ಕಳು. “ನಮ್ಮ ಕ್ಲಾಸಲ್ಲೂ ಹೀಗೇ ಒಬ್ಬಳಿದ್ದಾಳೆ ಅತ್ತೆ. ಲಹರಿ ಅಂತ. ದಟ್ಟಗಳ್ಳಿಯಿಂದ ಬರ್ತಾಳೆ. ಯಾಕೆ ಮಿಸ್, ಎಲ್ಲಿ ಮಿಸ್ — ಬಿಡೋದೇ ಇಲ್ಲ. ಡೆಮೊ ದಿನ ಅವಳನ್ನೇ ಬೋರ್ಡ್ ಹತ್ರ ಕರೀತೀನಿ.”

ಮಲಗಿದರೂ ಮಗುವಿನ ಮಾತು ಹೋಗಲಿಲ್ಲ. ವರ್ಗ ಎಂದರೆ ಐದೈದಲಿ ಇಪ್ಪತ್ತೈದು. ಅದು ಗೆರೆಯ ಮೇಲೆ ಹೇಗೆ ಕೂರುತ್ತದೆ?

30 ಆಗಸ್ಟ್, ಶುಕ್ರವಾರ. ಮಧ್ಯಾಹ್ನ

ನಮಗೆ ಗಣಿತ ಹೇಳಿದ ಅನಂತಪದ್ಮನಾಭ ಮೇಷ್ಟ್ರು ನೆನಪಾದರು. ಬಿಳಿ ಪಂಚೆ, ಎಡ ಭುಜದ ಮೇಲೆ ಯಾವಾಗಲೂ ಸೀಮೆಸುಣ್ಣದ ಪುಡಿ. ಕೈವಾರ ಇಲ್ಲದೆ ಬೋರ್ಡಿನ ಮೇಲೆ ವೃತ್ತ ಎಳೆಯುತ್ತಿದ್ದರು. ಹೊರಟ ಜಾಗಕ್ಕೇ ಗೆರೆ ಬಂದು ಸೇರುತ್ತಿತ್ತು. ಹುಡುಗರೆಲ್ಲ ಉಸಿರು ಹಿಡಿದು ನೋಡುತ್ತಿದ್ದೆವು.

ಸಮಾಂತರ ರೇಖೆಯನ್ನು ಗಾಡಿಯ ಜಾಡಿನಲ್ಲಿ ತೋರಿಸಿದ್ದರು. ಶಾಲೆಯ ಹಿಂದೆ ಹೊಂಗೆಮರ, ಅದರ ಕೆಳಗೆ ಕೂರಿಸಿ ಕಡ್ಡಿಗಳಲ್ಲಿ ಕೋನ. ಬೆಳಿಗ್ಗೆ ತಿಂದ ಮುದ್ದೆ ಶಾಲೆಗೆ ನಡೆದು ನಡೆದೇ ಕರಗಿರುತ್ತಿತ್ತು. ಆದರೂ ಗಣಿತದ ಪೀರಿಯಡ್ ಮುಗಿಯಬಾರದು ಅನಿಸುತ್ತಿತ್ತು. “ಅಂಬುಜ, ನೀನು ಹೇಳು,” ಎನ್ನುವರು. ಹೆಣ್ಣುಮಕ್ಕಳಲ್ಲಿ ನನ್ನನ್ನೊಬ್ಬಳನ್ನೇ ಹೆಸರು ಹಿಡಿದು ಕರೆಯುತ್ತಿದ್ದುದು.

ಎಲ್ಲ ಪಾಠಗಳೂ ಕಣ್ಣಿಗೆ ಕಟ್ಟಿದಂತಿವೆ. ಈ ಪ್ರಮೇಯದ ಪಾಠ ಮಾತ್ರ ಕಾಣುವುದಿಲ್ಲ. ಮಾತು ಇದೆ, ಚಿತ್ರ ಇಲ್ಲ. ಅವತ್ತು ಮೇಷ್ಟ್ರು ಎಲ್ಲಿ ನಿಂತಿದ್ದರು? ನಾನು ಎಲ್ಲಿ…

1 ಸೆಪ್ಟೆಂಬರ್, ಭಾನುವಾರ

ಗೊತ್ತಾಯಿತು. ಬೆಳಿಗ್ಗೆ ಪೂಜೆಗೆ ಹೂ ಬಿಡಿಸುವಾಗ ಅತ್ತಿಮರದ ಎಲೆ ಕೈಗೆ ತಗುಲಿತು, ವಾಸನೆ ಬಂತು. ಆಗ ನೆನಪಾಯಿತು.

ನಾನು ಗುಡ್ಲಲ್ಲಿದ್ದೆ.

ಮೈನೆರೆದಿದ್ದೆ. ಸೋದರಮಾವ ಅತ್ತಿಯ ಹಸಿರು ಸೊಪ್ಪು ಕಡಿದು ತಂದು ಅಂಗಳದಲ್ಲಿ ಗುಡ್ಲು ಹಾಕಿದ್ದರು. ಅದರೊಳಗೆ ಚಾಪೆ, ಒನಕೆ, ನಾನು. ಸಂಜೆ ಬೀದಿಯ ಹೆಂಗಸರೆಲ್ಲ ಬಂದು ಆರತಿ ಎತ್ತಿ ಹಾಡುತ್ತಿದ್ದರು. ಚಿಗಳಿ, ತಂಬಿಟ್ಟು, ಕೊಬ್ಬರಿ, ಬೆಲ್ಲ. ತಿಂದು ತಿಂದು ಸಾಕಾಗಿತ್ತು. ಸುಳ್ಳು ಯಾಕೆ, ಸಂತೋಷವೂ ಇತ್ತು. ಅವ್ವ ಅಷ್ಟು ಪ್ರೀತಿಯಿಂದ ತಲೆ ಬಾಚಿದ್ದು ಆಗಲೇ. ಹೊಸ ಲಂಗ, ಮೊಗ್ಗಿನ ಜಡೆ. ಸೊಪ್ಪು ಒಣಗುತ್ತ ಒಣಗುತ್ತ ವಾಸನೆ ಸಿಹಿಯಾಗುತ್ತಿತ್ತು.

ಪಕ್ಕದ ಮನೆಯ ಚೆನ್ನಾಜಮ್ಮ ನನ್ನದೇ ಕ್ಲಾಸು. ಶಾಲೆ ಬಿಟ್ಟು ಬಂದು ಗುಡ್ಲ ಹೊರಗೆ ಕುಕ್ಕರುಗಾಲಲ್ಲಿ ಕೂತು ಹೇಳಿದ್ದಳು: “ಮೇಷ್ಟ್ರು ಇವತ್ತು ಕಾಗದ ಕತ್ತರಿಸಿ ಎಂಗೆ ತೋರಿಸಿದ್ರು ಗೊತ್ತೇನೇ? ಎರಡೂ ಹೋಗಿ ದೊಡ್ಡದ್ರಲ್ಲಿ ಸರಿಯಾಗಿ ಕೂತ್ಕಂಡ್ಬುಡ್ತು ಕಣೇ.”

“ಏನು ಕೂತ್ಕಂಡ್ತು? ಎಲ್ಲಿ?”

“ಅಯ್ಯೋ, ಅದನ್ನ ಎಂಗೆ ಹೇಳ್ಲಿ, ನೋಡ್ಬೇಕು ಅದನ್ನ.”

ಮತ್ತೆ ಶಾಲೆಗೆ ಹೋದಾಗ ಮೇಷ್ಟ್ರು ವೃತ್ತದ ಪಾಠಕ್ಕೆ ಬಂದಿದ್ದರು. ಎಲ್ಲರಿಗೂ ಗೊತ್ತಿತ್ತು ನಾನು ಯಾಕೆ ಬಂದಿರಲಿಲ್ಲ ಎಂದು. ಎದ್ದು ನಿಂತು ‘ಸಾರ್, ಆ ಪಾಠ ಇನ್ನೊಂದು ಸಲ’ ಎಂದು ಯಾವ ಹುಡುಗಿ ಕೇಳುತ್ತಾಳೆ? ವಾಕ್ಯ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಬರೆದೆ. ಪೂರ್ತಿ ಮಾರ್ಕು ಬಂತು.

4 ಸೆಪ್ಟೆಂಬರ್, ಬುಧವಾರ

ನಯನಾ ಹೊಸದೊಂದು ಯೋಚಿಸಿದ್ದಾಳೆ. ತ್ರಿಭುಜದ ಮೂರು ಬದಿಗೂ ಒಂದೊಂದು ಚೌಕದ ಟ್ರೇ. ಎರಡು ಸಣ್ಣದರಲ್ಲಿ ಮರಳು ತುಂಬಿ ದೊಡ್ಡದಕ್ಕೆ ಸುರಿದರೆ ಸರಿಯಾಗಿ ತುಂಬಬೇಕು. ಮರಳು ನಡುಮನೆಯೊಳಕ್ಕೆ ಬರಕೂಡದು. ರಾಗಿ ತೆಗೆದುಕೊ ಎಂದೆ.

ಟ್ರೇಗೆ ಗಟ್ಟಿ ರಟ್ಟು ಬೇಕಿತ್ತು. ಮಗ ಅಭಿಲಾಷನ ಮದುವೆಗೆ ನಾನು ಉಟ್ಟ ರೇಷ್ಮೆ ಸೀರೆಯ ಡಬ್ಬ ಕೊಟ್ಟೆ.

“ಅತ್ತೆ, ಇದನ್ನ ನೀವು ಮುಟ್ಟೋಕೂ ಬಿಡಲ್ಲ.”

“ಸೀರೆ ಬೀರುವಿನಲ್ಲಿದೆ. ಕತ್ತರಿಸು.”

ಹದಿನೈದು, ಇಪ್ಪತ್ತು, ಇಪ್ಪತ್ತೈದು ಸೆಂಟಿಮೀಟರು. ಎತ್ತರ ಮೂರಕ್ಕೂ ಒಂದೇ. ಅಂಟಿಸಿ, ನೆಲದ ಮೇಲೆ ತ್ರಿಭುಜದ ಮೂರು ಬದಿಗೆ ತಾಗಿಸಿ ಇಟ್ಟಳು.

“ಓ, ಇಲ್ಲಿದೆ ವರ್ಗ,” ಎಂದಳು ಸಿಂಚನ.

ನಾನು ಕನ್ನಡಕ ಒರೆಸಿಕೊಂಡೆ. ಗೆರೆಯ ಮೇಲೆ ಚೌಕ ಕೂತಿತ್ತು. ಅಷ್ಟೇ. ಬಾಯಲ್ಲಿ ಇಷ್ಟು ವರ್ಷ ಇದ್ದದ್ದು, ನೆಲದ ಮೇಲೆ.

ರಾಗಿ ನಾನೇ ತುಂಬಿದೆ. ಎರಡನ್ನೂ ದೊಡ್ಡದಕ್ಕೆ ಸುರಿದೆ. ಮಿಕ್ಕಿತು. ಸ್ವಲ್ಪವಲ್ಲ, ನೆಲಕ್ಕೆಲ್ಲ ಚೆಲ್ಲಿತು. ನಯನಾಳ ಮುಖ ಬಿಳಿಚಿತು. ಮತ್ತೆ ಅಳೆದಳು, ಅಳತೆ ಸರಿ ಇದೆ. ಮತ್ತೆ ತುಂಬಿದೆ. ಮತ್ತೆ ಮಿಕ್ಕಿತು.

“ಆ ಪೈಥಾಗೊರಸ್ಸಿಗೆ ನಮ್ಮನೆ ರಾಗಿ ಗೊತ್ತಿರಲಿಲ್ಲ ಬುಡಮ್ಮ,” ಎಂದರು ಇವರು.

ಅವಳು ನಗಲಿಲ್ಲ. “ಕ್ಲಾಸಲ್ಲಿ ಹಿಂಗಾದ್ರೆ ಮುಗೀತು ಅತ್ತೆ,” ಎಂದಳು. ಊಟಕ್ಕೆ ಕೂತವಳು ಅರ್ಧಕ್ಕೆ ಎದ್ದಳು. ಅನ್ನ ಬಿಟ್ಟು ಏಳುವುದು ಈ ಮನೆಯಲ್ಲಿ ಇಲ್ಲ. ಇವತ್ತು ಬೈಯಲಿಲ್ಲ.

8 ಸೆಪ್ಟೆಂಬರ್, ಭಾನುವಾರ

ಹಬ್ಬ. ಬರೆಯಲು ಬಿಡುವಾಗಲಿಲ್ಲ.

ಮೊನ್ನೆ ಗೌರಿ ದಿನ, ಬಾಗಿನದ ಮೊರಕ್ಕೆ ಅಕ್ಕಿ ಅಳೆಯುತ್ತಿದ್ದೆ. ಪಾವು ತುಂಬಿದ ಮೇಲೂ ಕೈ ನಿಲ್ಲಲಿಲ್ಲ. ಮೇಲೆ ಇನ್ನೊಂದು ಹಿಡಿ, ಗೋಪುರ ನಿಲ್ಲುವಂತೆ. ಅಲ್ಲೇ ಕೈ ನೋಡಿಕೊಂಡೆ.

ನಮ್ಮ ಅತ್ತೆ ಹೇಳುತ್ತಿದ್ದರು — “ಅಳತೆ ಬಾಯಿ ಸವರೋ ಕೈ ಈ ಮನೇಲಿ ಇರಬಾರದು.” ಕಣದಲ್ಲಿ ಆಳಿಗೆ ಕೊಡುವಾಗ, ನೆಂಟರಿಗೆ ಕೊಡುವಾಗ, ಸೇರಿನ ಮೇಲೆ ರಾಗಿ ಗೋಪುರ ಕಟ್ಟಿ ಜಾರುತ್ತಿರಬೇಕು. ಮಟ್ಟ ಮಾಡಿ ಕೊಡುವುದು ಜಿಪುಣರ ಮನೆ ಲಕ್ಷಣ. ಮದುವೆಯಾಗಿ ಬಂದ ವಾರದಲ್ಲೇ ಕಲಿತದ್ದು. ಟ್ರೇಯನ್ನೂ ಹಾಗೇ ತುಂಬಿದ್ದೆ.

ಇವತ್ತು ಗಣಪತಿ ಬಿಟ್ಟು ಬಂದು, ನಡುಮನೆ ಖಾಲಿಯಾದ ಮೇಲೆ, ಟ್ರೇ ತೆಗೆದೆ. ತುಂಬಿದೆ. ಸಿಂಚನಳ ಸ್ಕೇಲಿನಿಂದ ಬಾಯಿ ಸವರಿದೆ. ಕೈ ಬರಲಿಲ್ಲ ಮೊದಲು. ಅತ್ತೆ ನೋಡುತ್ತಿದ್ದಾರೆ ಅನಿಸಿತು. ಸವರಿದೆ. ಎರಡನ್ನೂ ದೊಡ್ಡದಕ್ಕೆ ಸುರಿದು ಹರಡಿದೆ.

ಅಂಚಿಗೆ ಅಂಚು. ಮೂಲೆ ಮೂಲೆಯೂ ತುಂಬಿತು. ಹೊರಗೆ ಒಂದು ಕಾಳಿಲ್ಲ.

ಸರಿಯಾಗಿ ಕೂತ್ಕಂಡ್ಬುಡ್ತು ಕಣೇ, ಎಂದಿದ್ದಳು ಚೆನ್ನಾಜಮ್ಮ. ನಿಜ. ಇದನ್ನು ಹೇಳಲು ಬರುವುದಿಲ್ಲ. ನೋಡಬೇಕು.

ಎಷ್ಟು ಹೊತ್ತು ಕೂತಿದ್ದೆನೋ. ಹಿಂದೆ ನಯನಾ ನಿಂತಿದ್ದಳು.

“ತಪ್ಪು ಎಲ್ಲಿತ್ತು ಅತ್ತೆ?”

“ತಪ್ಪಲ್ಲ. ಈ ಮನೆಯಲ್ಲಿ ಅಳತೆ ಸವರುವ ಪದ್ಧತಿ ಇಲ್ಲ. ಲೆಕ್ಕಕ್ಕೆ ಬೇಕಂತೆ, ಸವರು.”

ನಕ್ಕಳು. ಹತ್ತು ದಿನದಿಂದ ಈ ಮನೆಯಲ್ಲಿ ಆ ನಗು ಕೇಳಿರಲಿಲ್ಲ.

10 ಸೆಪ್ಟೆಂಬರ್, ಮಂಗಳವಾರ

ನಾಳೆ ಡೆಮೊ. ಲಹರಿ ಬರುವುದಿಲ್ಲ. ತಾಯಿ ಫೋನ್ ಮಾಡಿದ್ದಳಂತೆ — ಮಗಳು ದೊಡ್ಡವಳಾಗಿದ್ದಾಳೆ, ಈ ಬರುವ ಭಾನುವಾರ ಆರತಿ ಫಂಕ್ಷನ್ ಮುಗಿಸಿ ಕಳಿಸುತ್ತೇವೆ.

“ಪಾಪ, ಬೇರೆ ಯಾರಾದ್ರೂ ರಾಗಿ ಸುರೀತಾರೆ ಬಿಡಿ,” ಎಂದಳು ನಯನಾ.

“ಆ ಹುಡುಗಿಗೆ ಪಾಠ?”

“ನೋಟ್ಸ್ ವಾಟ್ಸಾಪ್ ಮಾಡ್ತೀನಿ ಅತ್ತೆ. ಸೋಮವಾರದಿಂದ ಮುಂದಿನ ಚಾಪ್ಟರ್ ಶುರು ಮಾಡ್ಲೇಬೇಕು.”

ನೋಟ್ಸ್.

ಹುಳಿಗೆ ಉಪ್ಪು ಎರಡು ಸಲ ಬಿತ್ತು. ಇವರು ಮಜ್ಜಿಗೆ ಸುರಿದುಕೊಂಡು ತಿಂದರು.

11 ಸೆಪ್ಟೆಂಬರ್, ಬುಧವಾರ. ಸಂಜೆ

ಬೆಳಿಗ್ಗೆ ರಾಗಿ ಕೇರಿ, ಕಲ್ಲು ಆರಿಸಿ, ಡಬ್ಬಕ್ಕೆ ಹಾಕಿ ಕೊಟ್ಟೆ. ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದಳು. ಇಡೀ ದಿನ ಕೆಲಸ ಕೈ ಹಿಡಿಯಲಿಲ್ಲ. ಗಡಿಯಾರ ನೋಡಿದೆ ಎಂದು ಇವರು ಹಂಗಿಸಿದರು. ಇವರೂ ನೋಡುತ್ತಿದ್ದರು.

ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು.

“ಲಿಖಿತ್ ಅಂತ ಒಬ್ಬ ಹುಡುಗನ್ನ ಕರೆದೆ ಅತ್ತೆ. ಅವನೂ ನಿಮ್ಮ ಥರಾನೇ, ಗೋಪುರ ಮಾಡಿ ತುಂಬ್ಬಿಟ್ಟ. ನಾನು ಬೋರ್ಡ್ ಕಡೆ ತಿರುಗಿದ್ದೆ, ನೋಡ್ಲಿಲ್ಲ. ಸುರಿದ, ಟೇಬಲ್ ತುಂಬ ರಾಗಿ. ಮಕ್ಕಳೆಲ್ಲ ನಗು. ಕಮಿಟಿಯವರು ವಾಚ್ ನೋಡ್ಕೊಂಡ್ರು.”

“ಅಯ್ಯೋ,” ಎಂದರು ಇವರು.

“ರಾಗಿ ಬಾಚೋಕೆ ಹೋದೆ. ಆಮೇಲೆ ನೀವು ಜ್ಞಾಪಕ ಬಂದ್ರಿ. ಯಾಕೆ ಮಿಕ್ತು, ಹೇಳಿ ನೋಡೋಣ ಅಂತ ಕ್ಲಾಸನ್ನೇ ಕೇಳಿದೆ. ಅಳತೆ ತಪ್ಪು ಅಂದ್ರು, ಟ್ರೇ ಸೊಟ್ಟ ಅಂದ್ರು. ಕೊನೇ ಬೆಂಚಿಂದ ಒಬ್ಬಳು, ಮಿಸ್, ಮೇಲೆ ಗುಡ್ಡ ಇತ್ತಲ್ಲ, ಅಂದ್ಲು. ಕೊಡೋವಾಗ ಸವರಬಾರದು ಅಂತಾರೆ ನಮ್ಮತ್ತೆ, ಲೆಕ್ಕ ಮಾಡೋವಾಗ ಮಾತ್ರ ಸವರಬೇಕು ಅಂದೆ. ಲಿಖಿತ್‌ನೇ ಸ್ಕೇಲ್ ತಗೊಂಡು ಸವರಿದ. ಇನ್ನೊಂದು ಸಲ ಸುರಿದ. ಎಲ್ಲಾ ಬೆಂಚಿಂದ ಎದ್ದು ಬಂದು ಸುತ್ತ ನಿಂತ್ಕೊಂಡ್ರು ಅತ್ತೆ. ಅಂಚಿಗೆ ಅಂಚು ಕೂತಿತ್ತು.”

“ಹೆಡ್‌ಮಿಸ್ ಏನಂದರು?”

“ಬಂದು ಟ್ರೇ ಅಂಚಿನ ಮೇಲೆ ಬೆರಳು ಆಡಿಸಿ ನೋಡಿದ್ರು. ಹೋದ್ರು.”

ನನ್ನನ್ನು ಕ್ಲಾಸಿನಲ್ಲಿ ಹೆಸರಿಸಿದಳಂತೆ. ಅನಂತಪದ್ಮನಾಭ ಮೇಷ್ಟ್ರ ನಂತರ ಇವಳೇ.

13 ಸೆಪ್ಟೆಂಬರ್, ಶುಕ್ರವಾರ

ಆಯಿತು. ಕಾಯಂ. ಅಕ್ಟೋಬರಿನಿಂದ.

ನಯನಾ ಕಾಲಿಗೆ ನಮಸ್ಕಾರ ಮಾಡಿದಳು. “ಸರಿ. ಕಾಫಿಪುಡಿ ಮುಗಿದಿದೆ, ನಾಳೆ ಬರುವಾಗ ತಾ,” ಎಂದೆ.

“ಒಂದು ಒಳ್ಳೇ ಮಾತು ಆಡ್ಬುಡೇ, ಬಾಯಿ ಸವೆಯಲ್ಲ,” ಎಂದು ಇವರು ಗೊಣಗಿದರು.

ಶ್ಯಾವಿಗೆ ಪಾಯಸ ಮಾಡಿದೆ. ಅವಳ ಬಟ್ಟಲಿಗೆ ತುಂಬಿದ ಮೇಲೂ ಇನ್ನೊಂದು ಸೌಟು ಹಾಕಿದೆ. ತಟ್ಟೆಗೆ ಚೆಲ್ಲಿತು. ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. ಸಾಕು ಎನ್ನಲಿಲ್ಲ.

14 ಸೆಪ್ಟೆಂಬರ್, ಶನಿವಾರ. ಮಧ್ಯಾಹ್ನ ಮೂರು

ಬೆಳಿಗ್ಗೆ ಎಳ್ಳು ಹುರಿದು ಬೆಲ್ಲ ಹಾಕಿ ಕುಟ್ಟಿ ಚಿಗಳಿ ಕಟ್ಟಿದೆ. ಕೊಬ್ಬರಿ, ಬೆಲ್ಲ, ಬಾಳೆಹಣ್ಣು, ಹೂವು. ದೊಡ್ಡವಳಾದ ಹುಡುಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದು.

“ಯಾರ ಮನೆಗೇ?” ಎಂದರು ಇವರು.

“ದಟ್ಟಗಳ್ಳಿ. ಲಹರಿ ಅಂತ. ಸ್ಕೂಟರ್ ತೆಗೀರಿ.”

“ನಮಗೆ ಗೊತ್ತಾ ಅವರು?”

“ಹೋದ ಮೇಲೆ ಗೊತ್ತಾಗುತ್ತೆ.”

ನಯನಾ ಲಹರಿಯ ತಾಯಿಗೆ ಫೋನ್ ಮಾಡಿದ್ದಾಳೆ, ‘ನಮ್ಮತ್ತೆ ಆರತಿ ಎತ್ತೋಕೆ ಬರ್ತಾರೆ’ ಎಂದು. ‘ಟೀಚರ್ ಮನೆಯವರು ನಮ್ಮನೆಗಾ’ ಎಂದು ಅವರಿಗೆ ಸಂತೋಷವಾಯಿತಂತೆ. ಆರತಿ ಎತ್ತುತ್ತೇನೆ. ಹಾಡನ್ನೂ ಹೇಳುತ್ತೇನೆ, ಬರುತ್ತದೆ. ಆಮೇಲೆ ಚೀಲ ಬಿಚ್ಚುತ್ತೇನೆ. ಮೂರು ಟ್ರೇ, ರಾಗಿ ಡಬ್ಬ. ಯಾರಾದರೂ ‘ಈಗ ಯಾಕೆ ಪಾಠ’ ಎನ್ನಲಿ, ನೋಡಿಕೊಳ್ಳುತ್ತೇನೆ. ಸೋಮವಾರ ಮುಂದಿನ ಚಾಪ್ಟರಂತೆ. ಅದಕ್ಕೆ ಮೊದಲು ಇದು ಅವಳಿಗೆ ಸಿಗಬೇಕು. ಮಾತಲ್ಲ. ಕಣ್ಣಿಗೆ.

ಇವರು ಹಾರ್ನ್ ಹೊಡೆಯುತ್ತಿದ್ದಾರೆ. ಇವತ್ತಾದರೂ ‘ನಾಳೆ’ ಎನ್ನಲಿಲ್ಲ. ಸಿಂಚನಳ ಬ್ಯಾಗಿನಿಂದ ಸ್ಕೇಲು ತೆಗೆದುಕೊಳ್ಳಬೇಕು.

ಹುಡುಗಿಯೇ ತುಂಬಲಿ. ನಾನು ಹೇಳಿಕೊಡುವುದಿಲ್ಲ. ಮೊದಲ ಸಲ ಗೋಪುರ ಮಾಡಿಯೇ ತುಂಬಲಿ, ಮಿಕ್ಕಲಿ, ಚಾಪೆಯೆಲ್ಲ ಚೆಲ್ಲಲಿ. ಯಾಕೆ, ಎಲ್ಲಿ ಎಂದು ಕೇಳಲಿ. ಆಮೇಲೆ ಸ್ಕೇಲು ಅವಳ ಕೈಗೆ ಕೊಟ್ಟು… ಮತ್ತೆ ಹಾರ್ನ್. ಹೊರಟೆ.