ಕಾಗದದ ಫಿಲ್ಟರ್

ಮದರಾಸು, ೧೪-೮-೧೯೭೯, ಮಂಗಳವಾರ

ಲಾರಿಗೆ ಏರ್ ಫಿಲ್ಟರ್ ತಂದೆ. ಎಂಜಿನ್ನಿಗೆ ತಂದೆನೋ, ನನಗೋ?

ಈ ಊರಲ್ಲಿ ನನ್ನೊಡನೆ ಕನ್ನಡ ಆಡುವವನು ಬಿಡಿಭಾಗದಂಗಡಿಯ ಹಾಲಸಿದ್ದಪ್ಪನೊಬ್ಬನೇ. ಮೇಜಿನ ಮೇಲೆ ಎರಡು ಫಿಲ್ಟರ್ ಇಟ್ಟ. ಬಟ್ಟೆಯದನ್ನು ತೊಳೆದು ತೊಳೆದು ವರ್ಷಗಟ್ಟಲೆ ಬಳಸಬಹುದು, ಕಾಗದದ್ದು ದೂಳು ತುಂಬಿದರೆ ಎಸೆಯಬೇಕು. ಹಿಂದೆ ನಾಟಕದಲ್ಲಿ ಭೀಮನ ಪಾರ್ಟು ಮಾಡಿದ್ದ ಗಂಟಲಲ್ಲಿ ಎರಡರ ಗುಣಾವಗುಣ ವಿಚಾರಿಸುತ್ತಲೇ ಇದ್ದೆ, ಮಾತು ಮುಗಿಯದಿರಲೆಂದು.

"ಬಟ್ಟೀದು ಒಯ್ರಿ, ಭೀಮಸೇನ್ರ. ಮತ್ತ ನನ್ನ ಅಂಗಡಿ ಕಡಿ ಬರೂ ತ್ರಾಸ ಇರೂದಿಲ್ಲ," ಎಂದ.

ಕಾಗದದ್ದನ್ನೇ ಕಟ್ಟಿಸಿಕೊಂಡೆ.

"ನಾಟಕದವ್ರಿಗೆ ಬುದ್ಧಿ ಹೇಳಾಕ ಆಗೂದಿಲ್ಲ ಬಿಡ್ರಿ."

ತಿರುವೊಟ್ಟಿಯೂರಿನ ಈ ಕೋಣೆಯಲ್ಲಿ ನನ್ನ ಆರ್ಭಟಕ್ಕೆ ಗೋಡೆಯೂ ಓಗೊಡುವುದಿಲ್ಲ. ಎಲೈ ಮದರಾಸಿನ ದೂಳೇ, ಬೇಗ ಬೇಗ ತುಂಬಿಕೋ. ಹಾಲಸಿದ್ದಪ್ಪನಿಗೆ ಇನ್ನೂ ಹೇಳುವುದು ಬಹಳ ಇದೆ.