ಎಲೆ ಮಾತ್ರ ಬಿಟ್ಟ ಬಳ್ಳಿ

ಅಕ್ಟೋಬರ್ ೧೪, ಭಾನುವಾರ

ರೇಡಿಯೋ ರಾಣಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನೀನು ಕ್ಷೇಮವೆಂದು ವಾರವಾರವೂ ರೇಡಿಯೋದಲ್ಲೇ ಗೊತ್ತಾಗುತ್ತದೆ, ಆದ್ದರಿಂದ ಕೇಳುವುದಿಲ್ಲ. ಉತ್ತರ ತಡವಾಯಿತು, ಕ್ಷಮಿಸು. ಹಲ್ಲಿನ ಡಾಕ್ಟರರು ಒಂದೇ ಸಲಕ್ಕೆ ಕಟ್ಟುಹಲ್ಲಿನ ರಾಶಿ ಕೆಲಸ ಕಳಿಸಿದ್ದರು. ಈ ಊರಿನ ಮುದುಕರಿಗೆಲ್ಲ ಒಮ್ಮೆಲೇ ನಗುವ ಆಸೆ ಹುಟ್ಟಿದೆಯೋ ಏನೋ. ಹಿಂದಿನ ಕೋಣೆಯಲ್ಲಿ ಕೂತು ಮೇಣದ ಮೇಲೆ ಹಲ್ಲು ಜೋಡಿಸಿ, ಅರ ಹಾಕಿ, ಹೊಳಪು ಕೊಟ್ಟು ಸೊಂಟ ಬಿದ್ದುಹೋಗಿದೆ. ತಡವಾಗಿದ್ದಕ್ಕೆ ಇದು ಕಾರಣವಲ್ಲ. ನಿನಗೆ ಬರೆಯಲು ಮನಸ್ಸಿರಲಿಲ್ಲ.

ಮಾರ್ನಿಂಗ್ ಗ್ಲೋರಿ ಬಳ್ಳಿ ಹೇಗಿದೆ, ಹೂ ಬಂತಾ ಎಂದು ಕೇಳಿದ್ದೀಯ. ಅಮ್ಮ ಹೇಗಿದ್ದಾಳೆ ಎಂಬುದು ಅದಾದ ಮೇಲಿನ ಪ್ರಶ್ನೆ. ಇರಲಿ, ನೀನು ಕೇಳಿದ ಕ್ರಮದಲ್ಲೇ ಹೇಳುತ್ತೇನೆ.

ನೀನು ಕಳಿಸಿದ ಆ ಕರಿ ಬೀಜಗಳ ಸಿಪ್ಪೆ ನಿನ್ನ ಚರ್ಮದಷ್ಟೇ ದಪ್ಪ. ಸುಮ್ಮನೆ ಊರಿದರೆ ಮೊಳೆಯುವ ಜಾತಿಯಲ್ಲ. ಹಲ್ಲಿನ ಸೆಟ್ಟು ಉಜ್ಜುವ ಸಣ್ಣ ಅರದಿಂದ ಒಂದೊಂದರ ಬೆನ್ನನ್ನೂ ಚೂರು ತರಿದು, ನೀರಿನಲ್ಲಿ ನೆನೆಹಾಕಿ, ಗೋಡೆಯ ಬುಡದಲ್ಲಿ ಊರಿದವಳು ನಾನು. ದಾರ ಕಟ್ಟಿದವಳೂ ನಾನೇ. ಮೊಳೆತ ಮೇಲೆ ಅದಕ್ಕೆ ನನ್ನ ದಾರ ಸಾಕಾಗಲಿಲ್ಲ. ಬಟ್ಟೆ ಒಣಹಾಕುವ ತಂತಿ ಹಿಡಿಯಿತು, ಟಿವಿ ಕೇಬಲ್ ಹಿಡಿಯಿತು, ಗೋಡೆಗೆ ಒರಗಿಸಿಟ್ಟ ಪೊರಕೆಯನ್ನೂ ಬಿಡಲಿಲ್ಲ. ಪೊರಕೆ ಬಿಡಿಸಿಕೊಳ್ಳಲು ನಾನು ಕತ್ತರಿ ತರಬೇಕಾಯಿತು. ತನ್ನದೆಂಬ ಬೆನ್ನುಮೂಳೆ ಇಲ್ಲ, ಸಿಕ್ಕವರ ಹೆಗಲೇರಿ ಮೆರೆಯುವುದೊಂದೇ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇದು ಗಿಡವೂ ಅಲ್ಲ, ಶನಿ.

ಪಕ್ಕದ ಮನೆಯ ರಿಟೈರ್ಡ್ ರೈಲ್ವೆ ಗಾರ್ಡ್ ಗೊತ್ತಲ್ಲ, ಅವರು ಒಂದು ದಿನ ಗೋಡೆಯ ಮೇಲಿಂದ ಕತ್ತು ಹಾಕಿದರು. "ಏನಮ್ಮಾ, ನಿಮ್ಮ ಬಳ್ಳಿ ಟಿಕೆಟ್ ಇಲ್ದೆ ನಮ್ಮ ಕಡೆ ಬಂದ್ಬಿಟ್ಟಿದೆ!" ಎಂದು ತಮ್ಮ ಜೋಕಿಗೆ ತಾವೇ ನಕ್ಕರು. ಅವರ ಮೇಲಿನ ಹಲ್ಲಿನ ಸೆಟ್ಟು ಸಡಿಲವಾಗಿದೆ, ನಾನು ಮಾಡಿದ್ದಲ್ಲ. ಆಮೇಲೆ ಉಪದೇಶ ಶುರುವಾಯಿತು. "ಗೊಬ್ಬರ ಜಾಸ್ತಿ ಹಾಕ್ತಿದ್ದೀರಿ ನೋಡಿ. ಇದಕ್ಕೆ ಹೊಟ್ಟೆ ತುಂಬಿದ್ರೆ ಬರೀ ಎಲೆ. ಸ್ವಲ್ಪ ಉಪವಾಸ ಕೆಡವಿ, ಹೂ ತಾನಾಗೇ ಬರುತ್ತೆ."

"ಹೌದಾ ಸಾರ್!" ಎಂದು ಏನೂ ತಿಳಿಯದವಳಂತೆ ಕೇಳಿಸಿಕೊಂಡೆ. ಅವರು ಒಳಗೆ ಹೋದ ಮೇಲೆ ಇನ್ನೊಂದು ಬುಟ್ಟಿ ಸಗಣಿ ಗೊಬ್ಬರ ತಂದು ಬುಡಕ್ಕೆ ಸುರಿದೆ.

ಅಕ್ಕನಿಗೆ ತಲೆ ಕೆಟ್ಟಿದೆ ಅಂದುಕೊಂಡೆಯಾ? ಬೀಜದ ಜೊತೆ ನೀನು ಅಮ್ಮನಿಗೆ ಬರೆದಿದ್ದನ್ನು ನೆನಪು ಮಾಡಿಕೋ. "ಅಮ್ಮಾ, ಇದು ಹೂ ಬಿಡೋ ಹೊತ್ತಿಗೆ ನಾನು ಬಂದೇ ಬರ್ತೀನಿ." ಎಷ್ಟು ಚೆಂದದ ಮಾತು! ಹೋದ ವರ್ಷದ ಚೆಂದದ ಮಾತು ಬೇರೆ ಇತ್ತು. "ಗೇಟಿಗೆ ಬಣ್ಣ ಹೊಡೆಸಮ್ಮ, ಅದು ಒಣಗೋದ್ರೊಳಗೆ ಬರ್ತೀನಿ" ಅಂದಿದ್ದೆ. ಬಣ್ಣ ಹೊಡೆಸಿದಳು. ಗೇಟಿನ ಹತ್ತಿರ ಸ್ಟೂಲು ಹಾಕಿಕೊಂಡು ಬಿಸಿಲಿನಲ್ಲಿ ಕೂತಳು. ಬಣ್ಣ ಒಣಗಿತು, ಆಮೇಲೆ ಚಕ್ಕೆ ಏಳಲೂ ಶುರುವಾಯಿತು. ಅಮ್ಮ ಜ್ವರ ಬಂದು ಮಲಗಿದವಳು ಎಷ್ಟೋ ದಿನ ಏಳಲಿಲ್ಲ. ಅದೇ ವಾರ ನಿನ್ನ ಕಾರ್ಯಕ್ರಮದಲ್ಲಿ ಯಾರೋ ಕೇಳುಗರಿಗೆ ಜೇನು ಸುರಿಸುವ ದನಿಯಲ್ಲಿ ಹೇಳುತ್ತಿದ್ದೆ, "ಹೆತ್ತವರಿಗೆ ಬೇಕಾಗಿರೋದು ನಿಮ್ಮ ಉಡುಗೊರೆ ಅಲ್ಲ, ನಿಮ್ಮ ಸಮಯ." ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ನಾನು ಆಫ್ ಮಾಡಲು ಹೋದರೆ ಅಮ್ಮ ಮಲಗಿದ್ದಲ್ಲಿಂದಲೇ ಸನ್ನೆ ಮಾಡಿ ಸೌಂಡು ಜಾಸ್ತಿ ಮಾಡಿಸಿದಳು.

ಆದ್ದರಿಂದ ಈ ಬಳ್ಳಿ ಹೂ ಬಿಡಲೇಬಾರದು ಎಂದು ತೀರ್ಮಾನಿಸಿದೆ. ಹೊಟ್ಟೆ ಬಿರಿಯುವಷ್ಟು ಗೊಬ್ಬರ ಹಾಕಿದೆ, ಕೇಳಿದಷ್ಟು ನೀರು ಬಿಟ್ಟೆ. ಅಷ್ಟಾದರೂ ಎಲ್ಲಾದರೂ ಮೊಗ್ಗು ಕಂಡರೆ ಅಮ್ಮ ಏಳುವ ಮೊದಲೇ ಉಗುರಿನಲ್ಲಿ ಚಿವುಟಿದೆ. ಬೆಳಿಗ್ಗೆ ಅಮ್ಮ ಕೋಲೂರಿಕೊಂಡು ಬರುತ್ತಿದ್ದಳು.

"ಬಂತೇನೇ?"

"ಇಲ್ಲಮ್ಮ, ಬರೀ ಎಲೆ."

"ಹಾಗಾದ್ರೆ ಅವಳಿಗೂ ಇನ್ನೂ ರಜ ಸಿಕ್ಕಿರಲ್ಲ" ಎಂದು ನೆಮ್ಮದಿಯಾಗಿ ತಿಂಡಿಗೆ ಕೂರುತ್ತಿದ್ದಳು. ಹೂವೇ ಬಾರದಿದ್ದರೆ ನೀನು ಬಾರದಿದ್ದುದು ತಪ್ಪಲ್ಲವಲ್ಲ! ನಿನ್ನ ಮಾನವನ್ನು ಸಗಣಿ ಹಾಕಿ ಕಾಪಾಡಿದ್ದೇನೆ, ಕಾರ್ಯಕ್ರಮದಲ್ಲಿ ಬೇಕಾದರೆ ಹೇಳಿಕೋ.

ಆದರೆ ಆ ಮುದುಕಿ ನಿನ್ನ ತಾಯಿ. ನನಗೆ ಗೊತ್ತಿಲ್ಲದ ಹಾಗೆ ಎರಡು ಬೀಜ ಸ್ವೆಟರ್ ಜೇಬಿನಲ್ಲಿ ಇಟ್ಟುಕೊಂಡು, ಗೇಟಿನ ಪಕ್ಕ ಸಿಮೆಂಟು ಬಿರುಕುಬಿಟ್ಟ ಕಡೆ ಕೋಲಿನ ತುದಿಯಿಂದ ತುರುಕಿದ್ದಾಳೆ. ಅರ ತಾಗಿಲ್ಲ, ನೀರು ಕಂಡಿಲ್ಲ, ಗೊಬ್ಬರದ ಸುದ್ದಿಯೇ ಇಲ್ಲ. ಒಂದು ಬಡಕಲು ಬಳ್ಳಿ ತಡವಾಗಿ ಎದ್ದು, ಕಸದ ಡಬ್ಬದ ಮರೆಯಲ್ಲೇ ಗೇಟಿನ ಕಂಬಿ ಹತ್ತಿದೆ. ಗುರುವಾರ ಬೆಳಿಗ್ಗೆ ಅದರಲ್ಲಿ ನೀಲಿ ಹೂ. ಅಮ್ಮ ಕೂಗಿದ ಕೂಗಿಗೆ ಗಾರ್ಡ್ ಸಾಹೇಬರು ಸೆಟ್ಟು ಹಾಕಿಕೊಳ್ಳದೆ ಓಡಿಬಂದರು.

ಅಂದಿನಿಂದ ಅಮ್ಮ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಪೆಟ್ಟಿಗೆಯಲ್ಲಿದ್ದ ಒಳ್ಳೆ ಬಟ್ಟೆ ಉಟ್ಟು ಗೇಟಿನ ಹತ್ತಿರ ಕೂರುತ್ತಾಳೆ. ಅದೇ ಸ್ಟೂಲು, ಅದೇ ಬಿಸಿಲು. ಈ ಹೂವಿನ ಯೋಗ್ಯತೆಯಾದರೂ ಏನು? ಮಧ್ಯಾಹ್ನದ ಹೊತ್ತಿಗೆ ಮುದುಡಿ, ಹಿಂಡಿ ಬಿಸಾಕಿದ ಕರ್ಚೀಫಿನ ಹಾಗೆ ನೇತಾಡುತ್ತದೆ. ಆಗ ಅಮ್ಮ "ನಾಳೆ ಬರ್ತಾಳೆ" ಎಂದು ಎದ್ದು ಒಳಗೆ ಬರುತ್ತಾಳೆ. ಮರುದಿನ ಇನ್ನೊಂದು ಹೂ ಅರಳಿರುತ್ತದೆ, ಹಾಳಾದದ್ದು. ಬುಡಕ್ಕೇ ಕತ್ತರಿ ಹಾಕೋಣ ಎಂದು ಹೋದರೆ ಅವಳು ಅದರ ಪಕ್ಕದಲ್ಲೇ ಕೂತಿದ್ದಳು. ಕತ್ತರಿ ಬೆನ್ನ ಹಿಂದೆ ಇಟ್ಟುಕೊಂಡು ವಾಪಸು ಬಂದೆ.

ಆದ್ದರಿಂದ ಬಾ. ನಿನ್ನ ಮುಖ ನೋಡುವ ಹಂಬಲ ನನಗಿಲ್ಲ, ಒಂದೇ ದಿನ ಸಾಕು. ಬಳ್ಳಿಯ ಕಾಯಿ ಕಂದುಬಣ್ಣಕ್ಕೆ ತಿರುಗಿ ಒಡೆಯುವ ಮೊದಲು ಬಂದುಬಿಡು. ಒಡೆದು ಬೀಜ ಚೆಲ್ಲಿದರೆ ವರ್ಷಗಟ್ಟಲೆ ನೆಲದಲ್ಲಿ ಅಡಗಿದ್ದು ಮೊಳೆಯುತ್ತದೆಯಂತೆ. ನಿನ್ನ ಒಂದು ಮಾತನ್ನೇ ಸಂಭಾಳಿಸಲಾಗುತ್ತಿಲ್ಲ, ಅಂಗಳದ ತುಂಬ ಮೊಳೆತರೆ ಯಾರು ಕೀಳುತ್ತಾರೆ?

ನಿನ್ನ ಗಂಟಲು ಕೆಡದಿರಲಿ, ಹೊಟ್ಟೆ ತಣ್ಣಗಿರಲಿ, ನೂರು ಕಾಲ ಬಾಳು. ಹರಸುವುದು ಹಿರಿಯಳ ಕೆಲಸ, ಮುಗಿಸಿದ್ದೇನೆ.

ಇಂತು,
ಹಲ್ಲು ಕಟ್ಟುವ ನಿನ್ನ ಅಕ್ಕ

ತಾ.ಕ.: ನಿನ್ನೆ ಅಮ್ಮನಿಗೆ ತಿಂಡಿಯ ತಟ್ಟೆಯನ್ನು ಗೇಟಿನ ಹತ್ತಿರವೇ ಒಯ್ದು ಕೊಟ್ಟೆ. ಕೊಡುತ್ತಾ, ತಡೆಯಲಾರದೆ ಕೇಳಿಬಿಟ್ಟೆ. "ಅಮ್ಮಾ, ನಾನೇ ಎಲ್ಲಾದ್ರೂ ದೂರ ಹೋಗಿದ್ದಿದ್ರೆ, ನನಗೂ ಹೀಗೇ ಕಾಯ್ತಿದ್ಯಾ?" ಅಮ್ಮ ತಟ್ಟೆ ತೆಗೆದುಕೊಂಡು ನನ್ನನ್ನೇ ನೋಡಿದಳು. "ನೀನೆಲ್ಲಿಗೆ ಹೋಗ್ತೀಯೇ? ಸ್ವಲ್ಪ ಆ ಕಡೆ ಸರಿ, ದಾರಿ ಕಾಣಿಸ್ತಿಲ್ಲ" ಎಂದಳು. ಸರಿದು ನಿಂತೆ.