ಸಾಹೇಬನಿಗೆ ಹಗ್ಗ ಕಟ್ಟಿದ್ದೇನೆ

ಲಾಂಡ್ರಿಯ ಹಿಂದಿನ ಕೋಣೆ,
ಸೋಮವಾರ, ಹನ್ನೆರಡನೇ ತಾರೀಖು

ಮುದ್ದಿನ ಮಗಳೇ,

ಹೇಗಿದ್ದೀಯ? ಹಡಗು ಹೊಯ್ದಾಡಿದರೆ ಈಗಲೂ ವಾಂತಿ ಬರುತ್ತದೆಯೇ, ಇಲ್ಲ ಪ್ರಯಾಣಿಕರ ವಾಂತಿ ಒರೆಸಿ ಒರೆಸಿ ನಿನ್ನದು ನಿಂತುಹೋಯಿತೇ? ಹಡಗಿನ ನರ್ಸಿಗೇ ಹುಷಾರು ತಪ್ಪಿದರೆ ನೋಡಿಕೊಳ್ಳುವವರು ಯಾರು ಎಂದು ನಿನ್ನ ಅಮ್ಮ ಆಗಾಗ ಕೇಳುತ್ತಾಳೆ. ನಾನು ಉತ್ತರ ಗೊತ್ತಿರುವವನ ಹಾಗೆ ಕೆಮ್ಮುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾವು ಚೆನ್ನಾಗಿದ್ದೇವೆ. ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಕಟಕಟ ಅನ್ನುತ್ತದೆ, ಅಷ್ಟೆ. ಕಣ್ಣಿನ ಆಪರೇಷನ್ ಆದಮೇಲೆ ಅಮ್ಮನಿಗೆ ಮನೆಯ ಮೂಲೆಮೂಲೆಯ ಧೂಳೂ ಕಾಣಿಸತೊಡಗಿದೆ, ಅದರಿಂದ ತೊಂದರೆ ನನಗೆ. ನಿನ್ನ ಮಗಳು ಗುಬ್ಬಿ ಚೆನ್ನಾಗಿದ್ದಾಳೆ. ಮೊಣಕಾಲು ತರಚಿಕೊಂಡಿದ್ದಾಳೆ, ಅದನ್ನು ಮುಂದೆ ಬರೆಯುತ್ತೇನೆ, ಈಗಲೇ ಗಾಬರಿಯಾಗಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅಪ್ಪಾ ಎನ್ನುತ್ತೀಯ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು ನಗುತ್ತೀಯ, ನಿನ್ನ ಅಮ್ಮ ಫೋನು ಕಿತ್ತುಕೊಳ್ಳುತ್ತಾಳೆ, ಅಷ್ಟರಲ್ಲಿ ನಿನ್ನ ಹಡಗಿನ ಸಿಗ್ನಲ್ಲು ಮುಳುಗುತ್ತದೆ. ಕಾಗದಕ್ಕೆ ಆ ಕಾಟವಿಲ್ಲ. ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ತಲುಪಿಸುತ್ತೇವೆ ಎಂದು ನಿಮ್ಮ ಕಂಪನಿಯವರು ಹೇಳಿದ್ದಾರೆ. ಕೊನೆಯವರೆಗೂ ಓದು.

ವಿಷಯ ನಿನ್ನ ಸಾಹೇಬನದು. ನಾಯಿಗೆ ಸಾಹೇಬ ಎಂದು ನೀನು ಹೆಸರಿಟ್ಟ ದಿನವೇ ಈ ಮನೆಯಲ್ಲಿ ಆಳು ಯಾರು ಎಂಬುದು ನನಗೆ ಹೊಳೆದುಬಿಟ್ಟಿತ್ತು. ನನಗೆ ನಾಯಿಗಳೆಂದರೆ ಹೇಸಿಗೆ, ಅದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಅದರ ಜೊಲ್ಲು, ಒದ್ದೆ ಕೂದಲಿನ ಆ ಗಬ್ಬು, ತನ್ನ ಹಿಂಭಾಗವನ್ನು ನೆಕ್ಕಿಕೊಂಡ ನಾಲಿಗೆಯಲ್ಲೇ ಬಂದು ನನ್ನ ಅಂಗೈ ನೆಕ್ಕುವ ಧಾರಾಳ, ಯಾವುದೂ ನನಗೆ ಹಿಡಿಸುವುದಿಲ್ಲ. ಹೋದ ತಿಂಗಳು ಸಾಹೇಬರು ಮೀನಿನ ಅಂಗಡಿಯ ಚರಂಡಿಯಲ್ಲಿ ಹೊರಳಾಡಿ, ನೇರ ಲಾಂಡ್ರಿಯೊಳಗೆ ದಯಮಾಡಿಸಿ, ಹೋಟೆಲಿನವರಿಗಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿ ಮಡಿಸಿಟ್ಟಿದ್ದ ಬೆಡ್‌ಶೀಟುಗಳ ಮೇಲೆ ಪವಡಿಸಿದರು. ಬಿಳೀ ಬಟ್ಟೆಯ ತುಂಬ ಮೀನಿನ ಹುರುಪೆ. ಹಬೆ ತಾಗಿದ್ದೇ ಆ ನಾತ ಮೂರು ಪಟ್ಟು ಎದ್ದಿತು. ಸೀರೆ ಕೊಡಲು ಬಂದಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಗಂಟಿನ ಸಮೇತ ಹಾಗೇ ಹಿಂದಿರುಗಿದಳು. ನಾನು ಎಲ್ಲವನ್ನೂ ಮತ್ತೆ ಒಗೆದೆ. ನಿನ್ನ ಅಮ್ಮ ನಾಯಿಯನ್ನೂ ಒಗೆದಳು, ಅದೂ ನನ್ನ ಒಳ್ಳೆಯ ಸೋಪಿನಲ್ಲಿ.

ಆದರೂ ಅದನ್ನು ಹಗ್ಗವಿಲ್ಲದೆ ಬಿಡಬಾರದು ಎಂದು ನಾನು ಹೇಳಿದರೆ ಈ ಮನೆಯಲ್ಲಿ ನಾನೇ ರಾಕ್ಷಸ. ನಿನ್ನ ವಾದ ನನಗೆ ಬಾಯಿಪಾಠವಾಗಿದೆ. ನಂಬಿದರೆ ನಾಯಿ ನಂಬಿಕೆ ಉಳಿಸಿಕೊಳ್ಳುತ್ತದೆ, ಕಟ್ಟಿದರೆ ಕಳ್ಳತನ ಕಲಿಯುತ್ತದೆ. ನೀನಿದ್ದಾಗ ಅದು ನಿಜವೇ ಆಗಿತ್ತು, ಒಪ್ಪಿಕೊಳ್ಳುತ್ತೇನೆ. ರಸ್ತೆಯಾಚೆಯ ಉದ್ಯಾನದಲ್ಲಿ ಅದು ಎಲ್ಲೇ ಇರಲಿ, ನೀನು ಒಂದು ಸಲ ಬಾರೋ ಸಾಹೇಬಾ ಎಂದರೆ ಸಾಕು, ಬಾಯಲ್ಲಿದ್ದದ್ದನ್ನು ಉಗುಳಿ ಓಡಿ ಬರುತ್ತಿತ್ತು. ನಾನು ಇಸ್ತ್ರಿ ಮಾಡುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಆದರೆ ಅದು ಮಾತು ಕೇಳುತ್ತಿದ್ದದ್ದು ನಿನ್ನದು. ನಿನ್ನ ಅಮ್ಮ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ತರಗತಿಯಲ್ಲಿ ಅವಳ ಒಂದು ನೋಟಕ್ಕೆ ಸದ್ದಡಗುತ್ತಿತ್ತಂತೆ. ಸಾಹೇಬನ ಮೇಲೆ ಆ ನೋಟ ನಡೆಯಲಿಲ್ಲ. ನಾನು ಕೂಗಿದರಂತೂ ಅದು ಇನ್ನಷ್ಟು ದೂರ ಹೋಗಿ ಕಾಲೆತ್ತುತ್ತಿತ್ತು. ಇನ್ನು ಉದ್ಯಾನದ ಪಂಡಿತರ ವಿಷಯ ಬೇಡವೇ ಬೇಡ. ಟ್ರ್ಯಾಕ್‌ಸೂಟಿನ ಯಜಮಾನರೊಬ್ಬರು ಇದ್ದಾರಲ್ಲ, ದಿನಾ ಸಿಕ್ಕವರಿಗೆಲ್ಲ ನಾಯಿಗಳ ಸ್ವಾತಂತ್ರ್ಯದ ಬಗ್ಗೆ ಉಪದೇಶ. ಅವರ ಸ್ವತಂತ್ರ ನಾಯಿ ದಿನಾ ನನ್ನ ಅಂಗಡಿಯ ಮೆಟ್ಟಿಲಿಗೇ ಬಂದು ಹೊಯ್ಯುತ್ತದೆ. ನಾನು ಬಕೆಟ್ಟು ಹಿಡಿದು ತೊಳೆಯುವಾಗ ಅವರು ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ.

ಬೇಸಿಗೆಗೆ ಬರುತ್ತೇನೆ ಎಂದು ಹೇಳಿ ಹೋದವಳು ನೀನು. ಬೇಸಿಗೆ ಬಂತು, ಹಡಗಿನವರು ಬಿಡುತ್ತಿಲ್ಲ, ಮಳೆ ಕಳೆಯಲಿ ಎಂದೆ. ಗುಬ್ಬಿಯ ಅಪ್ಪ ತನ್ನ ದಾರಿ ನೋಡಿಕೊಂಡ ಮೇಲೆ ನೀನು ದುಡಿಯಲೇಬೇಕು, ಅದು ನನಗೆ ಗೊತ್ತಿದೆ, ಅದಕ್ಕೆ ನಾನು ಎದುರಾಡಲಿಲ್ಲ. ಸಾಹೇಬ ಮಾತು ಕೇಳುತ್ತಿಲ್ಲ ಎಂದು ಅಮ್ಮ ಗೋಳಾಡಿದಾಗ ನೀನು ಒಂದು ಉಪಾಯ ಮಾಡಿದೆಯಲ್ಲ, ನಿನ್ನ ದನಿಯನ್ನು ರೆಕಾರ್ಡು ಮಾಡಿ ಅಮ್ಮನ ಫೋನಿಗೆ ಕಳಿಸಿದೆ. ಬಾರೋ ಸಾಹೇಬಾ, ಬಾ ಬಾ, ನನ್ನ ಬಂಗಾರ. ಹಿಂದೆ ಹಡಗಿನ ಎಂಜಿನ್ನಿನ ಗುರ್ರ್ ಎನ್ನುವ ಸದ್ದೂ ಸೇರಿಕೊಂಡಿತ್ತು. ಅಮ್ಮ ಅದನ್ನು ಉದ್ಯಾನದ ನಡುವೆ ನಿಂತು ಜೋರಾಗಿ ಹಾಕಿದಳು. ಮೊದಲ ದಿನ ನೀನು ನೋಡಬೇಕಿತ್ತು. ಅದು ಬಂದದ್ದು ಓಟವಲ್ಲ, ಹಾರಾಟ. ಬಂದು ಅಮ್ಮನ ಸುತ್ತ ಸುತ್ತಿತು, ಬೆನ್ನ ಹಿಂದೆ ನೋಡಿತು, ಬೆಂಚಿನ ಕೆಳಗೆ ನುಗ್ಗಿತು, ಅಮ್ಮನ ಕೈಚೀಲದೊಳಗೆ ಮೂತಿ ತೂರಿಸಿತು. ಅಮ್ಮ ಬಿಸ್ಕತ್ತು ಕೊಟ್ಟಳು. ಅದು ಬಿಸ್ಕತ್ತು ಬಿಟ್ಟು ಮತ್ತೆ ಬೆಂಚಿನ ಕೆಳಗೆ ಹೋಯಿತು. ಅಮ್ಮನಿಗೆ ಖುಷಿಯೋ ಖುಷಿ, ಇನ್ನು ಯಾವ ಹಗ್ಗವೂ ಬೇಡ ಎಂದು ಇದ್ದ ಹಗ್ಗವನ್ನು ತಂದು ನನ್ನ ಲಾಂಡ್ರಿಯಲ್ಲಿ ಬಟ್ಟೆಯ ಗಂಟು ಕಟ್ಟಲು ಇಟ್ಟಳು.

ದಿನಾ ಇದೇ ನಾಟಕ. ಬರುತ್ತಾ ಬರುತ್ತಾ ಓಟ ನಡಿಗೆಯಾಯಿತು. ಬೆನ್ನ ಹಿಂದೆ ಹುಡುಕುವುದು ನಿಂತಿತು. ಆಮೇಲೆ ಎರಡು ಮೂರು ಸಲ ಹಾಕಬೇಕಾಯಿತು, ಆಗಲೂ ಅದು ಬರುತ್ತಿದ್ದದ್ದು ಬಿಸ್ಕತ್ತಿಗೆ. ಹುಷಾರು, ಈ ಉಪಾಯ ಕೆಟ್ಟಿದೆ ಎಂದು ನಾನು ಕಿಟಕಿಯಿಂದ ನೋಡಿದ್ದನ್ನು ಹೇಳಿದೆ. ಅಮ್ಮ ಕೇಳಲಿಲ್ಲ. ಫೋನಿನ ಸದ್ದು ಸಣ್ಣದಾಗಿದೆ ಎಂದು ರಿಪೇರಿಯವನ ಹತ್ತಿರ ಹೋಗಿ ಬಂದಳು. ನಿನಗೂ ಏನೂ ಹೇಳಿರಲಿಕ್ಕಿಲ್ಲ, ಹೇಳಿದ್ದರೆ ನೀನು ಇನ್ನೊಂದು ದನಿ ಕಳಿಸುತ್ತಿದ್ದೆ.

ಈಗ ಮಂಗಳವಾರದ್ದು ಕೇಳು. ಸಂಜೆ ಅಮ್ಮ ಒಂದು ಕೈಯಲ್ಲಿ ಗುಬ್ಬಿಯನ್ನು ಹಿಡಿದುಕೊಂಡು ಉದ್ಯಾನದ ಗೇಟಿನ ಹತ್ತಿರ ನಿಂತಿದ್ದಳು, ಮನೆಗೆ ಹೊರಡುವ ಹೊತ್ತು. ನಮ್ಮ ಸಾಲಿನಲ್ಲಿರುವ ಮಾಂಸದಂಗಡಿಯವನು ಅದೇ ಹೊತ್ತಿಗೆ ಕರುಳು ಗಿರುಳೆಲ್ಲ ತಂದು ಕಸದ ತೊಟ್ಟಿಗೆ ಸುರಿದ. ಸಾಹೇಬ ಗೇಟು ದಾಟಿ ರಸ್ತೆಗೆ ಇಳಿಯಿತು. ಅಮ್ಮ ಗಾಬರಿಯಲ್ಲಿ ಫೋನು ತೆಗೆದಳು. ಕನ್ನಡಕ ಏರಿಸಿ, ನಿನ್ನ ದನಿ ಎಲ್ಲಿದೆ ಎಂದು ಹುಡುಕಿ ಒತ್ತಬೇಕು, ಅದಕ್ಕೆ ಎರಡು ಕೈ ಬೇಕು. ಗುಬ್ಬಿಯ ಕೈ ಬಿಟ್ಟಳು. ಬಾರೋ ಸಾಹೇಬಾ, ಬಾ ಬಾ ಎಂದು ನಿನ್ನ ದನಿ ರಸ್ತೆಯ ಈಚೆ ನನಗೂ ಕೇಳಿಸಿತು. ನಾಯಿ ರಸ್ತೆಯ ನಡುವೆ ನಿಂತಿತು. ತಿರುಗಿ ಒಂದು ಸಲ ಅಮ್ಮನ ಕಡೆ ನೋಡಿತು. ಕೇಳಿಸಲಿಲ್ಲ ಅನ್ನುವ ಹಾಗಿಲ್ಲ, ಚೆನ್ನಾಗಿಯೇ ಕೇಳಿಸಿತ್ತು. ನೋಡಿ, ಮುಖ ತಿರುಗಿಸಿ ತೊಟ್ಟಿಯ ಕಡೆ ಹೋಯಿತು. ಅದರ ಹಿಂದೆ ಗುಬ್ಬಿ ಓಡಿದಳು.

ಬಸ್ಸು ಬರುತ್ತಿತ್ತು, ಮಗಳೇ. ನಾನು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಓಡಿದೆ, ನನ್ನ ಮಂಡಿಗೆ ಅಷ್ಟು ಓಟ ಇದೆ ಎಂದು ನನಗೇ ಗೊತ್ತಿರಲಿಲ್ಲ. ಆದರೆ ನಾನು ತಲುಪುತ್ತಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಉಳಿಸಿದ್ದು ಬಸ್ಸಿನವನ ಬ್ರೇಕು. ಬಸ್ಸು ಕಿರುಚಿಕೊಂಡು ಅಡ್ಡಡ್ಡ ತಿರುಗಿ ನಿಂತಿತು, ಆ ಸದ್ದಿಗೆ ಗುಬ್ಬಿ ಮುಗ್ಗರಿಸಿ ಬಿದ್ದಳು. ಮೊಣಕಾಲು ತರಚಿದ್ದು ಆಗ, ಬೇರೆ ಏನೂ ಆಗಿಲ್ಲ, ಡಾಕ್ಟರು ಪೂರ್ತಿ ನೋಡಿದ್ದಾರೆ. ಡ್ರೈವರು ಬೈಯುತ್ತಾನೆ ಎಂದುಕೊಂಡೆ. ಅವನು ಇಳಿದು ಬಂದು ಮಗುವನ್ನು ನೋಡಿ, ಮತ್ತೆ ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಟ್ರ್ಯಾಕ್‌ಸೂಟಿನ ಯಜಮಾನರು ಬಂದರು. ಪಾಪ, ನಾಯಿಗೆ ಗಾಬರಿಯಾಗಿರಬೇಕು ಅಂದರು. ಆ ಮನುಷ್ಯನ ಮುಖಕ್ಕೆ ಉಗಿಯದೆ ನಾನು ನುಂಗಿಕೊಂಡದ್ದು ಮಗು ನನ್ನ ತೋಳಲ್ಲಿತ್ತು ಎಂಬ ಒಂದೇ ಕಾರಣಕ್ಕೆ. ನಾಯಿಯ ಗಾಬರಿ ಎಂಥದ್ದು ಗೊತ್ತೇ? ತೊಟ್ಟಿಯೊಳಗೆ ತಲೆ ಹಾಕಿ ಕುರಿಯ ಕರುಳನ್ನು ಜಗ್ಗಿ ಜಗ್ಗಿ ತಿನ್ನುತ್ತಿತ್ತು. ಹೊಟ್ಟೆ ತುಂಬಿದ ಮೇಲೆ ಬಾಯಿಯ ಪಕ್ಕ ಏನೋ ನೇತಾಡಿಸಿಕೊಂಡು ಬಂದು, ಗುಬ್ಬಿಯ ಮೊಣಕಾಲಿನ ರಕ್ತವನ್ನು ನೆಕ್ಕಿತು. ಥೂ! ಗುಬ್ಬಿ ನನ್ನ ತೋಳಿನಿಂದ ಜಾರಿ ಇಳಿದು ಅದರ ಕುತ್ತಿಗೆ ತಬ್ಬಿಕೊಂಡಳು. ಅಂಗಡಿಗೆ ಬಂದು ನೋಡಿದರೆ ಆಸ್ಪತ್ರೆಯ ದೊಡ್ಡ ಡಾಕ್ಟರ ಕೋಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಕಪ್ಪು ಗುರುತು ಕೂತಿತ್ತು.

ಆ ಸಂಜೆ ನಾನು ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಕೂಗಾಡಿದೆ. ನಂಬಿಕೆದ್ರೋಹಿ, ಉಂಡ ಮನೆಗೆ ಎರಡು ಬಗೆದ ಪ್ರಾಣಿ ಎಂದೆಲ್ಲ ಬೈದೆ. ನಿನ್ನ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅದರ ಬಾಯಿ ಒರೆಸುತ್ತಿದ್ದಳು. ನನ್ನ ಬೈಗುಳವೆಲ್ಲ ಮುಗಿದ ಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ರೀ, ಅದನ್ನ ಬೈಬೇಡಿ. ಕರೆದಾಗೆಲ್ಲ ಓಡಿ ಬಂತು. ಬಂದು ನೋಡಿದ್ರೆ ಅವಳು ಇರ್ತಿರ್ಲಿಲ್ಲ. ಎಷ್ಟು ದಿನ ಅಂತ ನಂಬುತ್ತೆ ಹೇಳಿ."

ನಾಯಿಯನ್ನು ನಂಬಬಹುದೇ ಎಂದು ನಾವೆಲ್ಲ ಇಷ್ಟು ದಿನ ಜಗಳವಾಡಿದೆವು, ನಾನೂ ಆಡಿದೆ. ಅದು ನಮ್ಮನ್ನು ನಂಬಿ ದಿನಾ ಬೆಂಚಿನ ಕೆಳಗೆ ನಿನ್ನನ್ನು ಹುಡುಕಿದ್ದನ್ನು ನಾನೇ ಕಿಟಕಿಯಲ್ಲಿ ನಿಂತು ನೋಡಿದ್ದೇನೆ. ಅದರ ಹೊಲಸು ಬಾಯಿಯ ಮೇಲಿದ್ದ ಹೇಸಿಗೆ ಹಾಗೇ ಇದೆ, ಅದು ಹೋಗುವುದಿಲ್ಲ ಬಿಡು. ಆದರೆ ಆವತ್ತು ನನಗೆ ಅದಕ್ಕಿಂತ ಹೆಚ್ಚು ಹೇಸಿಗೆಯಾದದ್ದು ಮೇಜಿನ ಮೇಲಿದ್ದ ಆ ಫೋನಿನ ಮೇಲೆ. ಅಮ್ಮ ತಾನೇ ನಿನ್ನ ದನಿಯನ್ನು ಅಳಿಸಿಹಾಕಿದಳು. ಅಳಿಸುವ ಮೊದಲು ಕಿವಿಗೆ ಹಿಡಿದು ಒಂದು ಸಲ ಕೇಳಿದಳು.

ಗಂಟು ಕಟ್ಟಲು ಇಟ್ಟಿದ್ದ ಹಗ್ಗವನ್ನು ಬಿಚ್ಚಿ ಈಗ ಸಾಹೇಬನಿಗೆ ಕಟ್ಟಿದ್ದೇನೆ. ಬೆಳಿಗ್ಗೆ ಸಂಜೆ ನಾನೇ ಕರೆದುಕೊಂಡು ಹೋಗುತ್ತೇನೆ. ಇಬ್ಬರಿಗೂ ಇದು ಇಷ್ಟವಿಲ್ಲ. ಅದು ಆ ಕಡೆ ಎಳೆಯುತ್ತದೆ, ನಾನು ಈ ಕಡೆ ಎಳೆಯುತ್ತೇನೆ. ಅದರ ಹೊಲಸನ್ನು ಕಾಗದದಲ್ಲಿ ಎತ್ತುವಾಗ ಉಸಿರು ಬಿಗಿಹಿಡಿದು ಎತ್ತುತ್ತೇನೆ, ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು. ಉದ್ಯಾನದ ಪಂಡಿತರು ನನ್ನನ್ನು ಜೈಲಿನ ವಾರ್ಡರನ್ನು ನೋಡುವಂತೆ ನೋಡುತ್ತಾರೆ, ನೋಡಿಕೊಳ್ಳಲಿ. ಫೋನು ಮಾಡಿ ನನ್ನೊಡನೆ ವಾದಕ್ಕಿಳಿಯಬೇಡ. ಹಗ್ಗ ಬಿಚ್ಚಬೇಕು ಅನ್ನಿಸಿದರೆ ನೀನೇ ಬಂದು ಬಿಚ್ಚು, ನಾನು ಅಡ್ಡ ಬರುವುದಿಲ್ಲ.

ಮೈ ಬಗ್ಗೆ ನಿಗಾ ಇರಲಿ. ರಾತ್ರಿ ಪಾಳಿ ಆದಮೇಲೆ ನಿದ್ದೆಗೆಡಬೇಡ. ಹಡಗಿನ ಮೇಲೆ ಒದ್ದೆ ಕೂದಲಿನಲ್ಲಿ ಗಾಳಿಗೆ ನಿಲ್ಲಬೇಡ ಎಂದು ಅಮ್ಮ ಬರೆಯಲು ಹೇಳಿದ್ದಾಳೆ. ನೀನು ಎಲ್ಲಿದ್ದರೂ ಚೆನ್ನಾಗಿರು, ನಮ್ಮಿಬ್ಬರ ಆಶೀರ್ವಾದ ನಿನ್ನ ಮೇಲಿದೆ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶುಕ್ರವಾರ ನೀನು ಫೋನು ಮಾಡಿದಾಗ ಗುಬ್ಬಿ ಮಲಗಿದ್ದಾಳೆ ಎಂದು ಅಮ್ಮ ಹೇಳಿದಳಲ್ಲ, ಅವಳು ಮಲಗಿರಲಿಲ್ಲ. ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು, ಉದುರಿದ ಅಂಗಿ ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಗುಬ್ಬೀ, ಅಮ್ಮ ಬಂದಿದೀನಿ ನೋಡು ಎಂದು ನೀನು ಫೋನಿನಲ್ಲಿ ಕರೆದೆ. ಅವಳು ತಲೆಯೆತ್ತಿ ಒಂದು ಸಲ ಫೋನನ್ನು ನೋಡಿದಳು. ಆಮೇಲೆ ಗುಂಡಿಗಳ ಕಡೆ ತಿರುಗಿಕೊಂಡಳು. ನೀನು ಮತ್ತೆ ಕರೆದೆ, ಅವಳು ನೋಡಲಿಲ್ಲ. ಆಗಲೇ ಅಮ್ಮ ಆ ಸುಳ್ಳು ಹೇಳಿದ್ದು. ಹಡಗಿನವರು ಬಿಡಲಿ, ಬಿಡದಿರಲಿ, ಲಾಂಡ್ರಿಯಲ್ಲಿ ನನಗೂ ನಿನಗೂ ಸಾಲುವಷ್ಟು ಕೆಲಸವಿದೆ. ಇನ್ನು ಅವಳನ್ನು ಫೋನಿನಲ್ಲಿ ಕರೆಯಬೇಡ. ಬಾ.